ಚಪ್ಪಲಿ ಬಿಟ್ಟ ಮೇಲೆ ಕನ್ನಡ

ನಮ್ಮ ಮನೆಯ ಬಾಗಿಲ ಹೊರಗೆ ಮರಾಠಿ, ಹಿಂದಿ, ಗುಜರಾತಿ ಎಲ್ಲ ಇದ್ದವು. ಒಳಗೆ ಕನ್ನಡ ಒಂದೇ. ಅದು ಪದ್ಧತಿಯಲ್ಲ, ಕಾನೂನು. ಡೊಂಬಿವಲಿ ಪೂರ್ವದಲ್ಲಿ ಠಾಕುರ್ಲಿ ಕಡೆ ಹೋಗುವ ರಸ್ತೆಯ ಮೇಲೆ, ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ ನಮ್ಮದು ಎರಡು ಕೋಣೆಯ ಮನೆ. ಮುಂದೆ ಹಾಲ್, ಹಿಂದೆ ಅಡುಗೆಮನೆ, ಬಟ್ಟೆ ಒಣಹಾಕಲು ಗ್ರಿಲ್ ಹಾಕಿದ ಗ್ಯಾಲರಿ. ಬಾಗಿಲ ಪಕ್ಕದಲ್ಲಿ ಚಪ್ಪಲಿ ಇಡುವ ಗೂಡು. ಅಪ್ಪ ಮಾಡಿದ ಕಾನೂನು ನಾಲ್ಕೇ ಮಾತಿನದು: ಚಪ್ಪಲಿ ಬಿಟ್ಟ ಮೇಲೆ ಕನ್ನಡ. ಶಾಲೆಯಲ್ಲಿ, ಮೆಟ್ಟಿಲ ಮೇಲೆ, ಚಿಕ್ಕಮ್ಮನಂತಿದ್ದ ಪಕ್ಕದ ಮರಾಠಿ ಮನೆಯ ಶೈಲಾ ಮಾವ್ಶಿಯ ಅಡುಗೆಮನೆಯಲ್ಲಿ ನಾನೂ ತಮ್ಮ ಮಧುವೂ ಏನು ಬೇಕಾದರೂ ಬೊಗಳಿಕೊಳ್ಳಬಹುದಿತ್ತು. ಬೊಗಳುವುದು ಎನ್ನುವುದು ಅಪ್ಪನದೇ ಮಾತು. ಒಳಗೆ ಬಂದಮೇಲೆ ಬಾಯಿಂದ ಒಂದು ಹಿಂದಿಯ, ಒಂದು ಮರಾಠಿಯ ಪದ ಜಾರಿದರೂ ಏಟು ಬೀಳುತ್ತಿತ್ತು. ಹೊಡೆಯುವ ಮೊದಲು ಅಪ್ಪ ಕೈಗಡಿಯಾರ ಬಿಚ್ಚಿ ಟಿವಿಯ ಮೇಲೆ ಇಡುತ್ತಿದ್ದರು. ಗಡಿಯಾರದ ಸ್ಟೀಲ್ ಪಟ್ಟಿ ಟಿವಿಗೆ ತಾಗಿ ಸಣ್ಣ ಸದ್ದಾಗುತ್ತಿತ್ತು. ಆ ಸದ್ದಿಗೆ ಮಧು ಎಷ್ಟೋ ಸಲ ನಿಂತಲ್ಲೇ ಚಡ್ಡಿ ಒದ್ದೆ ಮಾಡಿಕೊಂಡಿದ್ದಾನೆ. ಅದಕ್ಕೆ ಇನ್ನೆರಡು ಏಟು ಹೆಚ್ಚಿಗೆ.

ಅಪ್ಪ ಮೈಸೂರಿನ ಕಡೆಯವರು. ದಿನವೂ ಡೊಂಬಿವಲಿಯಿಂದ ಲೋಕಲ್ ಗಾಡಿ ಹಿಡಿದು ಮುಂಬೈಯ ಒಂದು ಖಾಸಗಿ ಕಚೇರಿಗೆ ಹೋಗಿ ಬರುವ ಗುಮಾಸ್ತ. ಅಲ್ಲಿ ಅವರ ಹೆಸರನ್ನು ಯಾರೂ ಹಿಡಿದು ಕರೆಯುತ್ತಿರಲಿಲ್ಲ. ದಕ್ಷಿಣದಿಂದ ಬಂದವರೆಲ್ಲರಂತೆ ಎಲ್ಲರಿಗೂ ಅವರು ಬರೀ 'ಅಣ್ಣಾ'. ಒಂದು ಸಂಜೆ ಅಂಗಿಯ ಜೇಬು ಹರಿದು, ಕೆಳತುಟಿ ಊದಿಸಿಕೊಂಡು ಬಂದರು. ಗಾಡಿಯಲ್ಲಿ ಮೂವರ ಬೆಂಚಿನ ತುದಿಗೆ ಒತ್ತಿಕೊಂಡು ಕೂರುವ ನಾಲ್ಕನೇ ಸೀಟಿಗಾಗಿ ಜಗಳವಾಗಿ, ಇಸ್ಪೀಟು ಆಡುವ ಗುಂಪಿನವರು ಸೇರಿಕೊಂಡು ಕಳವಾ ಸ್ಟೇಷನ್ ಬರುವವರೆಗೆ ತಳ್ಳಾಡಿದ್ದರಂತೆ. ಅಂದು ಅವರು ಯಾರ ಮುಖವನ್ನೂ ನೋಡದೆ ಊಟ ಮಾಡಿದರು. ಊಟ ಮುಗಿದ ಮೇಲೆ ಮಧು ನೀರು ಕೊಡುತ್ತ 'ಪಪ್ಪಾ' ಎಂದುಬಿಟ್ಟ. ಗಾಡಿಯಲ್ಲಿ ತಿಂದಿದ್ದನ್ನೆಲ್ಲ ಅಪ್ಪ ಅವನಿಗೆ ಬಡಿಸಿದರು. ಹೊರಗೆ ಕುಗ್ಗಿದ ಗಂಡಸಿಗೆ ಹಿಗ್ಗಲು ಇದ್ದ ಜಾಗ ಆ ಎರಡು ಕೋಣೆ ಮಾತ್ರ ಎಂದು ಈಗ ನಾನು ಬರೆಯಬಲ್ಲೆ. ಹಾಗೆ ಬರೆದರೆ ಅವರ ಮೇಲಿನ ಸಿಟ್ಟು ಕಡಿಮೆಯಾಗುತ್ತದೆ ಅಂದುಕೊಂಡಿದ್ದೆ. ಆಗಿಲ್ಲ.

ಅವ್ವ ಗದಗಿನವಳು. ಎರಡು ಕಡೆಗೂ ಬೇಕಾದವರೊಬ್ಬರು ಕೂಡಿಸಿದ ಸಂಬಂಧ. ಮಕ್ಕಳು ಅವಳನ್ನು 'ಅಮ್ಮ' ಎನ್ನಬೇಕು, 'ಅವ್ವ' ಎಂದರೆ ಹಳ್ಳಿಗಾಡಿನಂತೆ ಕೇಳುತ್ತದೆ ಎಂದು ಅಪ್ಪ ವಿಧಿಸಿದ್ದರು. ಅಪ್ಪ ಇಲ್ಲದಾಗ ನಾವು ಅವ್ವ ಎನ್ನುತ್ತಿದ್ದೆವು; ಈ ಪುಸ್ತಕದಲ್ಲೂ ಅದನ್ನೇ ಅನ್ನುತ್ತೇನೆ, ಈಗ ತಡೆಯುವವರಿಲ್ಲ. ತಮಾಷೆ ನೋಡಿ, ಮನೆಯಲ್ಲಿ ಎಲ್ಲರಿಗಿಂತ ಸೊಗಸಾದ ಕನ್ನಡ ಅವಳದೇ, ಆದರೆ ಅಪ್ಪನ ಕಾನೂನಿನ ಪ್ರಕಾರ ಅದೂ ಕನ್ನಡವಲ್ಲ. 'ಹಂಗ್ಯಾಕ', 'ಬ್ಯಾಡ್ರಿ', 'ಬರಾಕತ್ತೀನಿ' ಎಂದಾಗಲೆಲ್ಲ ಅಪ್ಪ ಅವಳ ಮಾತನ್ನು ಮೂಗಿನಲ್ಲಿ ಅಣಕಿಸಿ ತಿದ್ದುತ್ತಿದ್ದರು. ಅವಳು ರೊಟ್ಟಿ ತಟ್ಟುವ ಸದ್ದೂ ಅವರಿಗೆ ಆಗುತ್ತಿರಲಿಲ್ಲ. ಒಮ್ಮೆ ರೊಟ್ಟಿ, ಎಣ್ಣೆಗಾಯಿ ಬಡಿಸಿದ್ದಕ್ಕೆ ತಟ್ಟೆಯನ್ನು ಗೋಡೆಗೆ ಎಸೆದರು. ಬದನೆಕಾಯಿಯ ಮಸಾಲೆ ಕ್ಯಾಲೆಂಡರಿನ ಮೇಲೆ ಇಳಿಯಿತು. ಅವ್ವ ಗೋಡೆ ಒರೆಸಿ, ಬೇರೆ ತಟ್ಟೆಯಲ್ಲಿ ಅನ್ನ ತಂದಿಟ್ಟಳು. ಮದುವೆಯಾಗಿ ಬಂದಾಗ ಬಾಯ್ತುಂಬ ಮಾತಾಡುತ್ತಿದ್ದ ಹೆಂಗಸಂತೆ ಅವಳು, ಶೈಲಾ ಮಾವ್ಶಿ ಹೇಳುತ್ತಿದ್ದರು. ನಾನು ಕಂಡ ಅವ್ವ 'ಹೂಂ', 'ಆಯ್ತು', 'ಬಂದೆ' ಎಂಬ ಮೂರು ಮಾತಿನಲ್ಲಿ ದಿನ ಕಳೆಯುತ್ತಿದ್ದಳು.

ನನ್ನ ವಿಷಯಕ್ಕೆ ಬರುತ್ತೇನೆ, ಅದಕ್ಕಾಗಿಯೇ ಈ ಅಧ್ಯಾಯ. ನಾನು ಏಟು ತಿಂದದ್ದು ಕಡಿಮೆ. ಮಧುಗಿಂತ ಮೂರು ವರ್ಷ ದೊಡ್ಡವಳು, ಬೇಗ ಕಲಿತೆ. ಕಲಿತೆ ಎಂದರೆ ಸಾಲದು. ಕನ್ನಡವನ್ನು ನಾನು ಪ್ರೀತಿಸಿದೆ. ಭಾನುವಾರಗಳಲ್ಲಿ ಅಪ್ಪ ನನ್ನ ಕೈ ಹಿಡಿದು ಸ್ಟೇಷನ್ನಿನ ಸೇತುವೆ ದಾಟಿಸಿ, ಪಶ್ಚಿಮದಲ್ಲಿದ್ದ ಅವರ ಸಣ್ಣ ಕನ್ನಡ ಸಂಘದ ಕೋಣೆಗೆ ಕರೆದೊಯ್ಯುತ್ತಿದ್ದರು. ಒಂದು ಕಪಾಟು ಪುಸ್ತಕ, ಒಂದು ದಿನ ತಡವಾಗಿ ಬರುವ ಪತ್ರಿಕೆ, ಚಹಾ ಕುಡಿಯುತ್ತ ಊರಿನ ಮಾತಾಡುವ ಏಳೆಂಟು ಜನ. ಅವರೆದುರು ನಾನು ತಡವರಿಸದೆ ಓದಿದರೆ ಅಪ್ಪನ ಮುಖ ಅರಳುತ್ತಿತ್ತು. ಬರುವಾಗ ಕೈಗೊಂದು ಬಿಸಿ ವಡಾಪಾವ್. ಆ ಭಾನುವಾರಗಳು ನನಗೆ ಹಬ್ಬ, ಸುಳ್ಳು ಹೇಳಲಾರೆ. ಅದೇ ಕೈ ಸಂಜೆ ನನ್ನ ತಮ್ಮನ ಕೂದಲು ಹಿಡಿಯುತ್ತಿತ್ತು ಎನ್ನುವುದು ನನಗೆ ಗೊತ್ತಿತ್ತು, ಆದರೂ ವಡಾಪಾವ್ ರುಚಿಯಾಗಿಯೇ ಇತ್ತು.

ಅಪ್ಪ ನನ್ನನ್ನು ಕಾವಲಿಗೆ ಇಟ್ಟರು. ಸಂಜೆ ಗಾಡಿ ಇಳಿದು ಬಂದು, ಕಾಲು ತೊಳೆದು, ಕುರ್ಚಿಯಲ್ಲಿ ಕೂತು ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಜ್ಯೋತಿ, ಇವತ್ತು ಇವನು ಏನೇನ್ ಬೊಗಳಿದ?"

ನಾನು ಹೇಳುತ್ತಿದ್ದೆ. ಹೇಳಬೇಕಾಗಿತ್ತು ಎಂದಲ್ಲ, ಹೇಳಲು ಕಾಯುತ್ತಿದ್ದೆ. ಮಧುವಿನ ನಾಲಿಗೆ ಕನ್ನಡಕ್ಕೆ ಹೊರಳುತ್ತಿರಲಿಲ್ಲ. ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮರಾಠಿಯಲ್ಲೋ ಹಿಂದಿಯಲ್ಲೋ ಬರುತ್ತಿತ್ತು. ಹಗಲೆಲ್ಲ ಅವನು ಶೈಲಾ ಮಾವ್ಶಿಯ ಮನೆಯಲ್ಲಿ ಅವರ ಮಕ್ಕಳ ಜೊತೆ ಬೆಳೆದವನು. ಒಂದು ದಿನ ಶಾಲೆಯಿಂದ ಓಡಿ ಬಂದವನೇ, ಚಪ್ಪಲಿ ಬಿಟ್ಟು, ಅಪ್ಪ ರಜೆ ಹಾಕಿ ಮನೆಯಲ್ಲೇ ಇದ್ದದ್ದನ್ನು ನೋಡದೆ ಅವ್ವನಿಗೆ ಕೂಗಿ ಹೇಳಿದ.

"ಮಲಾ ಭೂಕ್ ಲಾಗ್ಲಿ!"

ಹಸಿವಾಗಿದೆ ಅಂತ. ಅಷ್ಟೇ. ಅವ್ವ ಅಡುಗೆಮನೆಯಿಂದ ಬಂದು ಅಡ್ಡ ನಿಂತಳು.

"ಹುಡುಗ ಹಸ್ದಾನ್ರಿ. ಮೊದ್ಲ ಉಣ್ಣಲಿ."

ಅಪ್ಪ ಅಂದು ಗಡಿಯಾರ ಬಿಚ್ಚಲಿಲ್ಲ. ನನ್ನ ಕಡೆ ತಿರುಗಿದರು.

"ನೀನೇ ಕೊಡು ಇವನಿಗೆ. ಅಕ್ಕ ಅಂತ ಭಯ ಇರ್ಬೇಕು."

ನಾನು ಕೊಟ್ಟೆ. ಹತ್ತು ವರ್ಷದವಳು, ಏಳು ವರ್ಷದವನ ಕೆನ್ನೆಗೆ. ಮೊದಲನೆಯದು ಮೆತ್ತಗಾಯಿತು ಎಂದು ಅಪ್ಪ ಅಂದಮೇಲೆ ಎರಡನೆಯದನ್ನು ತೋಳು ಬೀಸಿ ಕೊಟ್ಟೆ. ಅಂಗೈ ಬಿಸಿಯಾಯಿತು. ನಾನು ದೊಡ್ಡವಳಾದೆ ಅನ್ನಿಸಿತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ, ಆದರೆ ಆಗ ಆದದ್ದು ನಾಚಿಕೆಯಲ್ಲ, ಸಂತೋಷ. ಮಧು ಅಳಲಿಲ್ಲ. ನನ್ನ ಮುಖ ನೋಡಲಿಲ್ಲ, ನನ್ನ ಕೈಯನ್ನು ನೋಡಿದ. ಆಮೇಲೆ ಎರಡು ವರ್ಷ ಅಪ್ಪನ ಅಪ್ಪಣೆಯಿಲ್ಲದೆಯೂ ನಾನು ಅವನಿಗೆ ಹೊಡೆದಿದ್ದೇನೆ. ಹಿಂದಿಯಲ್ಲಿ ನಕ್ಕ ಎಂದು ಹೊಡೆದಿದ್ದೇನೆ. ಹಿಂದಿಯಲ್ಲಿ ನಗುವುದೆಂದರೆ ಏನೆಂದು ಇಂದಿಗೂ ನನಗೆ ತಿಳಿಯದು.

ಅವನು ಒಂಬತ್ತಕ್ಕೆ ಬಿದ್ದ ವರ್ಷ ಸಂಘದವರು ರಾಜ್ಯೋತ್ಸವಕ್ಕೆ ಒಂದು ಶಾಲೆಯ ಸಭಾಂಗಣ ಹಿಡಿದಿದ್ದರು. ಭಾನುವಾರ ಬೆಳಿಗ್ಗೆಯ ಕಾರ್ಯಕ್ರಮ. ಮಕ್ಕಳ ಕಂಠಪಾಠ, ಹೆಂಗಸರ ಹಾಡು, ಕೊನೆಗೆ ಬಿಸಿಬೇಳೆಬಾತಿನ ಊಟ. ಅಪ್ಪ ಊಟದ ಉಸ್ತುವಾರಿ. ಬಿಳಿ ಅಂಗಿ ತೊಟ್ಟು ಹಿಂದಿನ ವರಾಂಡದಲ್ಲಿ ಪಾತ್ರೆಗಳ ನಡುವೆ ಓಡಾಡುತ್ತಿದ್ದರು. ಮಧುವಿಗೆ ಆರು ಸಾಲು ಬಾಯಿಪಾಠ ಮಾಡಿಸಿದ್ದರು. ಹದಿನೈದು ದಿನ ಬೆಳಿಗ್ಗೆ ಗ್ಯಾಲರಿಯಲ್ಲಿ ನಿಲ್ಲಿಸಿ, ತಪ್ಪಿಗೊಂದರಂತೆ ತೊಡೆಗೆ ಚಿವುಟಿ ಕಲಿಸಿದ ಸಾಲುಗಳು. ಅವನ ಚಡ್ಡಿಯ ಕೆಳಗೆ ತೊಡೆ ನೀಲಿಗಟ್ಟಿತ್ತು. ವೇದಿಕೆ ಹತ್ತಿದವನು ಆರು ಸಾಲನ್ನೂ ತಪ್ಪಿಲ್ಲದೆ ಒಪ್ಪಿಸಿದ. ಜನ ಚಪ್ಪಾಳೆ ತಟ್ಟಿದರು. ಅಲ್ಲಿಗೆ ಮುಗಿಯಬೇಕಿತ್ತು. ನಿರೂಪಣೆ ಮಾಡುತ್ತಿದ್ದ ಹೆಂಗಸು, ಒಳ್ಳೆಯವರು, ಮುದ್ದಿಗೆ ಅವನ ಗಲ್ಲ ಹಿಡಿದು ಮೈಕು ಮುಂದೆ ಮಾಡಿದರು.

"ಎಷ್ಟ್ ಚೆನ್ನಾಗ್ ಹೇಳ್ದೆ ಪುಟ್ಟಾ! ಅಪ್ಪ ಹೇಗೆ ಹೇಳ್ಕೊಟ್ರು ನಿಂಗೆ?"

ಮಧು ಸಭೆಯನ್ನೊಮ್ಮೆ ನೋಡಿದ. ಸ್ಪಷ್ಟವಾಗಿ, ಗಟ್ಟಿಯಾಗಿ ಹೇಳಿದ.

"ಪಪ್ಪಾ ಮಾರ್‌ತೇ ಹೈಂ."

ಸಭೆ ಘೊಳ್ಳೆಂದು ನಕ್ಕಿತು. ಮಗುವಿನ ಚೂಟಿತನಕ್ಕೆ, ಅದರ ಹಿಂದಿಗೆ, ಮುಂದಿನ ಸಾಲಿನ ಹಿರಿಯರು ತೊಡೆ ತಟ್ಟಿಕೊಂಡು ನಕ್ಕರು. ಆ ಹೆಂಗಸೂ ನಕ್ಕು, ಅವನ ತಲೆ ಸವರಿ, ಕೈಗೊಂದು ಕಂಪಾಸು ಪೆಟ್ಟಿಗೆ ಕೊಟ್ಟು ಇಳಿಸಿದರು. ನನ್ನ ಪಕ್ಕ ಕೂತಿದ್ದ ಅವ್ವ ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿ ಮಾಡಿಕೊಂಡಳು. ಅಪ್ಪನಿಗೆ ಹಿಂದಿನ ವರಾಂಡದಲ್ಲಿ ನಗು ಕೇಳಿತ್ತು, ಮಾತು ಕೇಳಿರಲಿಲ್ಲ. ಊಟ ಬಡಿಸುವಾಗ ನಾಲ್ಕು ಜನ ಬಂದು 'ನಿಮ್ಮ ಮಗ ಭಾರಿ ಚುರುಕು' ಎಂದರು. ಅಪ್ಪ ಹಲ್ಲು ಬಿಟ್ಟು ನಕ್ಕರು. ಅವರು ಅಷ್ಟು ಖುಷಿಯಾಗಿದ್ದನ್ನು ನಾನು ಕಂಡಿರಲಿಲ್ಲ. ಮನೆಗೆ ಹಿಂತಿರುಗಿ ಮೆಟ್ಟಿಲು ಹತ್ತುವಾಗ ನನ್ನನ್ನು ಕೇಳಿದರು.

"ಯಾಕೆ ನಕ್ರು ಎಲ್ಲ? ಏನಂದ ಇವನು?"

ಎರಡನೆಯ ಮಹಡಿಯ ತಿರುವಿನಲ್ಲಿ ನಿಂತಿದ್ದೆವು. ಅವ್ವ ನನ್ನ ಹಿಂದೆಯೇ ಇದ್ದಳು. ಬೆನ್ನಿಗೆ ಅವಳ ಕೈ ತಾಗಿತು, ಮೆಲ್ಲಗೆ ಚಿವುಟಿತು ಕೂಡ. ನನಗೆ ಅರ್ಥವಾಗಿತ್ತು. ಏನೋ ತಮಾಷೆ ಮಾಡಿದ ಎನ್ನಬಹುದಿತ್ತು. ಗೊತ್ತಾಗಲಿಲ್ಲ ಎನ್ನಬಹುದಿತ್ತು. ಹನ್ನೆರಡು ವರ್ಷದ ಹುಡುಗಿಗೆ ಸುಳ್ಳು ಹೇಳಲು ಬರುವುದಿಲ್ಲವೇ? ಶಾಲೆಯಲ್ಲಿ ದಿನಕ್ಕೆ ನಾಲ್ಕು ಹೇಳುತ್ತಿದ್ದೆ. ಆದರೆ ಅಪ್ಪ ಕೇಳಿದರೆ ವರದಿ ಒಪ್ಪಿಸುವುದು ನನಗೆ ಉಸಿರಾಟದಷ್ಟೇ ರೂಢಿಯಾಗಿತ್ತು. ಅಪ್ಪನೆದುರು ಆ ನಾಲ್ಕು ಜನ ಹೊಗಳಿದ್ದು ನನ್ನನ್ನಲ್ಲ, ಮಧುವನ್ನು ಎಂಬ ಉರಿಯೂ ಒಳಗಿತ್ತು.

"ಅಪ್ಪ ಹೊಡೀತಾರೆ ಅಂದ," ಎಂದೆ.

ಅಪ್ಪ ಒಂದು ಮೆಟ್ಟಿಲು ಹತ್ತಿ, ತಿರುಗಿ ಕೇಳಿದರು.

"ಯಾವ ಭಾಷೇಲಿ?"

"ಹಿಂದೀಲಿ."

ಮನೆಯೊಳಗೆ ಹೋದಮೇಲೆ ಟಿವಿಯ ಮೇಲೆ ಗಡಿಯಾರದ ಸದ್ದಾಯಿತು. ಮಧು ಕಂಪಾಸು ಪೆಟ್ಟಿಗೆಯನ್ನು ಎದೆಗೆ ಒತ್ತಿ ಹಿಡಿದು ಗೋಡೆಗೆ ಆತು ನಿಂತಿದ್ದ. ಅಪ್ಪ ಮೊದಲು ಆ ಪೆಟ್ಟಿಗೆ ಕಿತ್ತುಕೊಂಡು ಅದರಿಂದಲೇ ತಲೆಗೆ ಹೊಡೆದರು. ಮುಚ್ಚಳ ಬಿಚ್ಚಿ ಸಾಮಾನೆಲ್ಲ ನೆಲಕ್ಕೆ ಚೆಲ್ಲಿತು. ಆಮೇಲೆ ಕೂದಲು ಹಿಡಿದು ಎತ್ತಿ ಗೋಡೆಗೆ ಅಪ್ಪಳಿಸಿದರು. ಬಿದ್ದವನನ್ನು ಒದ್ದರು. ಮತ್ತೆ ಎತ್ತಿ ನಿಲ್ಲಿಸಿ ಅಂಗೈ ಅಗಲಿಸಿ ಎಡಗಿವಿಯ ಮೇಲೆ ಒಂದು, ಎರಡು, ಮೂರು. ಬಾಯಲ್ಲಿ ಒಂದೇ ಮಾತು, 'ಕನ್ನಡದಲ್ಲಿ ಹೇಳು, ಈಗ ಕನ್ನಡದಲ್ಲಿ ಹೇಳು.' ಮಧು ಹೇಳಿದ. ಹೇಳಲು ನೋಡಿದ. 'ಅಪ್ಪ ಹೊಡೀ' ಎನ್ನುವಷ್ಟರಲ್ಲಿ ಮೂರನೆಯದು ಬಿದ್ದು ಅವನ ಕಿವಿಯಿಂದ ರಕ್ತ ಇಳಿದು ಅವನ ಅಂಗಿಯ ಕಾಲರಿಗೆ ತಾಗಿತು. ಅವನು ಕೂಗುವುದನ್ನು ನಿಲ್ಲಿಸಿ, ದೂರದಲ್ಲಿ ಏನೋ ಕೇಳಿಸಿದವನ ಹಾಗೆ ತಲೆ ಓರೆ ಮಾಡಿದ. ನಾನು ಚಪ್ಪಲಿ ಗೂಡಿನ ಪಕ್ಕ ನಿಂತು ಎಲ್ಲ ನೋಡುತ್ತಿದ್ದೆ. ಬಿಡಿಸಲು ಹೋಗಲಿಲ್ಲ.

ಅಪ್ಪ ನಾಲ್ಕನೆಯದಕ್ಕೆ ಕೈ ಎತ್ತಿದರು. ಅವ್ವ ಅಡುಗೆಮನೆಯಿಂದ ಬಂದಳು. ಕೈಯಲ್ಲಿ ರೊಟ್ಟಿಯ ಕಬ್ಬಿಣದ ಹಂಚು. ಗ್ಯಾಸಿನ ಮೇಲಿಂದ ಎತ್ತಿ ತಂದದ್ದು, ಹಿಡಿಗೆ ಸುತ್ತಿದ ಬಟ್ಟೆ ಹೊಗೆಯಾಡುತ್ತಿತ್ತು. ಅವಳು ಯಾವಾಗ ಒಲೆ ಹಚ್ಚಿದಳು, ಎಷ್ಟು ಹೊತ್ತು ಅದನ್ನು ಕಾಯಿಸುತ್ತ ನಿಂತಿದ್ದಳು ಎಂದು ನಾನು ಎಂದೂ ಕೇಳಲಿಲ್ಲ. ಎತ್ತಿದ ಕೈಗೆ ಅದನ್ನು ಬೀಸಿ ಹೊಡೆದಳು. ಮೂಳೆಗೆ ಕಬ್ಬಿಣ ತಾಗಿದ ಸದ್ದು, ಚರ್ಮ ಸುಟ್ಟ ವಾಸನೆ. ಅಪ್ಪ ಕಿರುಚಿ ಕುರ್ಚಿಯ ಮೇಲೆ ಕುಸಿದರು. ಅವ್ವ ಹಂಚನ್ನು ಕೆಳಗಿಡದೆ ಅವರ ಮುಖದ ಹತ್ತಿರ ಹಿಡಿದು, ತರಕಾರಿ ಮಾರ್ಕೆಟ್ಟಿನಲ್ಲಿ ಕಲಿತ ತನ್ನ ಹರಕು ಹಿಂದಿಯಲ್ಲಿ ಹೇಳಿದಳು.

"ಬಸ್. ಅಭೀ ಹಾತ್ ಲಗಾಯಾ ತೋ ಮೂಂ ಜಲಾಯೇಗಾ ತುಮ್ಹಾರಾ."

ಇನ್ನು ಮುಟ್ಟಿದರೆ ಮುಖ ಸುಡುತ್ತೇನೆ ಅಂತ. ಅಪ್ಪ ಅವಳನ್ನು ನೋಡಿದರು. ಸುಟ್ಟ ಕೈಗಿಂತ ಆ ಹಿಂದಿ ಅವರಿಗೆ ಹೆಚ್ಚು ಉರಿಯಿತು ಎಂದು ನನಗೆ ಆಗಲೇ ಗೊತ್ತಾಯಿತು.

ಶೈಲಾ ಮಾವ್ಶಿ ಬಾಗಿಲು ಬಡಿದು ಒಳಗೆ ಬಂದು, ಮಧುವನ್ನು ಎತ್ತಿಕೊಂಡು ರಿಕ್ಷಾ ಹಿಡಿದರು. ಹಿಂದೆಯೇ ನಾವು ಮೂವರೂ ಹೋದೆವು. ಕಿವಿಯ ಡಾಕ್ಟರು ಏನಾಯಿತು ಎಂದಾಗ ಅಪ್ಪ ಬಾಯಿ ತೆರೆಯುವ ಮೊದಲೇ ಅವ್ವ 'ಇಸ್ಕೇ ಬಾಪ್‌ನೇ ಮಾರಾ' ಎಂದಳು, ಇವನಪ್ಪನೇ ಹೊಡೆದದ್ದು ಅಂತ. 'ಔರ್ ಇನ್ಕೋ?', ಮತ್ತೆ ಇವರಿಗೆ, ಎಂದು ಡಾಕ್ಟರು ಅಪ್ಪನ ಕೈ ತೋರಿಸಿದರು. 'ಮೈಂನೇ', ನಾನೇ, ಎಂದಳು. ಡಾಕ್ಟರು ಇಬ್ಬರಿಗೂ ಪಟ್ಟಿ ಕಟ್ಟಿದರು. ಕಿವಿಯ ತಮಟೆ ಹರಿದಿತ್ತು. ಆಮೇಲೆ ಸೋಂಕು ಹತ್ತಿ, ಎರಡು ಸಲ ಆಪರೇಷನ್ ಆದರೂ ಆ ಕಿವಿ ಹೆಚ್ಚುಕಡಿಮೆ ಸತ್ತುಹೋಯಿತು.

ಅಂದಿನಿಂದ ಅವ್ವ ಮನೆಯೊಳಗೆ ಕನ್ನಡ ಆಡುವುದನ್ನು ಬಿಟ್ಟಳು. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರ. 'ಖಾನಾ ರಖಾ ಹೈ.' 'ಪಾನಿ ಗರಂ ಹೈ.' ಊಟ ಇಟ್ಟಿದೆ, ನೀರು ಕಾದಿದೆ, ಅಷ್ಟೇ. ಮೊದಮೊದಲು ಅಪ್ಪ ಕಿರುಚಿದರು, ತಟ್ಟೆ ಎಸೆದರು. ಅವಳು ತಟ್ಟೆಯನ್ನು ಎತ್ತಲಿಲ್ಲ. ಅನ್ನ ನೆಲದ ಮೇಲೇ ಒಣಗಿತು. ಒಮ್ಮೆ ಅವಳ ಮೇಲೆ ಕೈಯೆತ್ತಿದಾಗ, ಮಕ್ಕಳಿಬ್ಬರನ್ನು ಕರೆದುಕೊಂಡು ಪಕ್ಕದ ಮನೆಗೆ ಹೋಗಿ ಹನ್ನೊಂದು ದಿನ ಕೂತಳು. ಇಡೀ ಕಟ್ಟಡ ನೋಡಿತು. ಆಮೇಲೆ ಅಪ್ಪ ಹೊಡೆಯಲಿಲ್ಲ. ಕ್ಷಮೆಯನ್ನೂ ಕೇಳಲಿಲ್ಲ. ಪತ್ರಿಕೆ ಹಿಡಿದು ಗ್ಯಾಲರಿಯಲ್ಲಿ ಕೂತು, ನನ್ನೊಬ್ಬಳ ಜೊತೆ ಕನ್ನಡ ಮಾತಾಡುತ್ತ ಮುದುಕರಾದರು.

ಶನಿವಾರ ಬೆಳಿಗ್ಗೆ ಅವ್ವ ನನ್ನನ್ನು ಕಲ್ಯಾಣದ ತರಕಾರಿ ಪೇಟೆಗೆ ಕರೆದೊಯ್ಯುತ್ತಿದ್ದಳು. ಠಾಕುರ್ಲಿಯಿಂದ ಒಂದೇ ಸ್ಟೇಷನ್. ಗಾಡಿ ಹೊರಟದ್ದೇ ತಡ, ಹೆಂಗಸರ ಡಬ್ಬಿಯ ಬಾಗಿಲಲ್ಲಿ ಗಾಳಿಗೆ ನಿಂತು ಅವಳು ಕನ್ನಡ ಶುರು ಮಾಡುತ್ತಿದ್ದಳು. ನಾನು ಅಂಥ ಕನ್ನಡವನ್ನು ಪುಸ್ತಕದಲ್ಲೂ ಕಂಡಿರಲಿಲ್ಲ.

"ನಿಮ್ಮಪ್ಪನ ಬಾಯಾಗ ಮಣ್ಣ ಹಾಕ! ಭಾಷಾ ಅಂದ್ರ ಏನ್ ಅವ್ನ ಮನಿ ಆಸ್ತಿ ಏನ? ನಮ್ಮವ್ವ ಹಾಡು ಹಾಡಿ ಎಮ್ಮಿ ಹಿಂಡ್ತಿದ್ಲು. ಹೊಡದ ಹಿಂಡಿದ್ರ ಎಮ್ಮಿ ಒದೀತದ ವಿನಾ ಹಾಲ ಕೊಡ್ತದೇನ?"

ಬೈಗುಳ, ಹಾಡು, ಗದಗಿನ ಓಣಿಯ ಸುದ್ದಿ, ನಗು. ಚೀಲ ತುಂಬಿ ಮರಳುವವರೆಗೂ ಅವಳ ಬಾಯಿ ನಿಲ್ಲುತ್ತಿರಲಿಲ್ಲ. ಕಟ್ಟಡದ ಗೇಟು ಬಂದಕೂಡಲೇ ಬೀಗ ಹಾಕಿಕೊಳ್ಳುತ್ತಿದ್ದಳು. ನಾನು ಈಗ ಬರೆಯುತ್ತಿರುವ ಕನ್ನಡದಲ್ಲಿ ಜೀವ ಇರುವುದೇನಾದರೂ ಇದ್ದರೆ ಅದು ಆ ಶನಿವಾರಗಳದು. ಅಪ್ಪ ತೀರಿಕೊಂಡ ಮೇಲೂ ಅವಳು ಮನೆಯೊಳಗೆ ಕನ್ನಡಕ್ಕೆ ಮರಳಲಿಲ್ಲ. 'ಹಂಗ ರೂಢಿ ಬಿದ್ದದ' ಎಂದಳು, ಅದನ್ನೂ ಗಾಡಿಯಲ್ಲಿ.

ಮಧು ಅವ್ವನೊಡನೆ ಹಿಂದಿಯಲ್ಲಿ, ಮಾವ್ಶಿಯೊಡನೆ ಮರಾಠಿಯಲ್ಲಿ ಮಾತಾಡುತ್ತಿದ್ದ. ನನ್ನೊಡನೆ ಯಾವುದರಲ್ಲೂ ಇಲ್ಲ. ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದ. ನನ್ನ ಮದುವೆಗೆ ಬಂದು ಕುರ್ಚಿ ಜೋಡಿಸಿದ, ನನ್ನೊಡನೆ ಫೋಟೋ ತೆಗೆಸಿಕೊಳ್ಳಲಿಲ್ಲ. ಅವನು ನನ್ನೊಡನೆ ಬಾಯಿ ಬಿಟ್ಟು ಒಂದು ಮಾತಾಡಲಿ ಎಂದು ನಾನು ಕಾದೆ. ಆದರೆ ಕಾಯುವುದಕ್ಕೂ ಹೋಗಿ ಕೇಳುವುದಕ್ಕೂ ನಡುವೆ ವ್ಯತ್ಯಾಸವಿದೆ, ಮತ್ತು ನಾನು ಮೊಂಡಿ. ಹೊಡೆದವರು ಅಪ್ಪ, ನಾನು ಚಿಕ್ಕವಳಿದ್ದೆ ಎಂಬ ಸಮಾಧಾನವನ್ನು ಮಡಿಕೆ ಮಡಿಕೆಯಾಗಿ ಜೋಡಿಸಿ ಇಟ್ಟುಕೊಂಡಿದ್ದೆ.

ಅದು ಕಳಚಿಬಿದ್ದದ್ದು ನವಿ ಮುಂಬೈಯಲ್ಲಿ. ಮದುವೆಯಾಗಿ ಖಾರ್‌ಘರ್‌ಗೆ ಹೋದಮೇಲೆ, ಅಲ್ಲಿಯ ವಸತಿ ಸೊಸೈಟಿಯೊಂದರಲ್ಲಿ ಬೆಂಗಳೂರಿನಿಂದ ಬಂದ ಐಟಿಯವರ ಮಕ್ಕಳಿಗೆ ಶನಿವಾರ ಕನ್ನಡ ಹೇಳಿಕೊಡುತ್ತಿದ್ದೆ. ಏಳೆಂಟು ಮಕ್ಕಳು, ಎಲ್ಲ ಅರ್ಥವಾಗುತ್ತದೆ, ಉತ್ತರ ಹಿಂದಿ. ಏಳು ವರ್ಷದ ಒಂದು ಹುಡುಗಿ ಪಾಠದ ಮಧ್ಯೆ ಎದ್ದು 'ಟೀಚರ್, ಪಾನಿ ಪೀನಾ ಹೈ' ಎಂದಳು. ಕನ್ನಡದಲ್ಲಿ ಕೇಳು ಎಂದೆ. ಮತ್ತೆ 'ಪಾನಿ' ಎಂದು ನಕ್ಕಳು. ನನ್ನ ಕೈ ಯಾವಾಗ ಎದ್ದಿತೋ ತಿಳಿಯದು. ಸದ್ದಾಯಿತು. ಉಳಿದ ಮಕ್ಕಳು ಕಲ್ಲಾಗಿ ಕೂತರು. ಆ ಹುಡುಗಿ ಅಳಲಿಲ್ಲ. ನನ್ನ ಮುಖ ನೋಡದೆ, ನನ್ನ ಕೈಯನ್ನು ನೋಡಿದಳು.

ಅವಳ ತಾಯಿಗೆ ನಾನೇ ಫೋನು ಮಾಡಿ ಹೇಳಿದೆ. ಅವರು ಬಂದು ಮಗಳ ಕೆನ್ನೆ ನೋಡಿದರು.

"ನೀರು ಕೇಳಿದ್ದಕ್ಕಾ ಮೇಡಂ?" ಎಂದರು. ಕೂಗಲಿಲ್ಲ. "ಇನ್ಮೇಲೆ ನೀವು ಮಕ್ಕಳ ಹತ್ರ ಬರೋದ್ ಬೇಡ."

ಸರಿಯಾಗಿಯೇ ಹೇಳಿದರು. ಮನೆಗೆ ಬಂದು ಬಚ್ಚಲಲ್ಲಿ ನಿಂತು ಅಂಗೈಯನ್ನು ಗೋಡೆಗೆ ಹೊಡೆದುಕೊಂಡೆ, ಊದುವವರೆಗೂ. ಅದರಿಂದ ಏನೂ ಆಗಲಿಲ್ಲ. ಅಪ್ಪನ ಕೈ ನನ್ನ ಮೈಯಲ್ಲಿದೆ ಎಂದು ಅಳುವುದು ಸುಲಭ. ನಿಜ ಏನೆಂದರೆ ಅದು ನನ್ನದೇ ಕೈ, ಹತ್ತನೆಯ ವಯಸ್ಸಿನಿಂದ ನಾನೇ ಸಾಕಿದ ಕೈ. ಇಷ್ಟನ್ನು ಒಪ್ಪಿಕೊಂಡಮೇಲೆ ಮಾಡಬೇಕಾದದ್ದು ಒಂದೇ ಉಳಿದಿತ್ತು.

ಮಧು ಆಗ ಭಿವಂಡಿಯ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಹೇಳದೆ ಕೇಳದೆ ಮಧ್ಯಾಹ್ನದ ಹೊತ್ತಿಗೆ ಹೋದೆ. ಕಲ್ಯಾಣದವರೆಗೆ ಗಾಡಿಯಲ್ಲಿ, ಅಲ್ಲಿಂದ ಶೇರ್ ರಿಕ್ಷಾದಲ್ಲಿ ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಜೋಡಿಸಿಕೊಂಡಿದ್ದೆ. ಸುಂದರವಾದ ಕನ್ನಡ, ಒಂದೊಂದು ವಾಕ್ಯವೂ ತೂಕದ್ದು. ಪವರ್‌ಲೂಮುಗಳ ಸದ್ದಿನ ಗಲ್ಲಿ ದಾಟಿ ಗೋದಾಮಿನ ಶೆಡ್ಡಿಗೆ ಬಂದಾಗ ಅವನು ಪೆಟ್ಟಿಗೆಗಳ ಸಾಲಿನ ಮುಂದೆ ಸ್ಟೂಲಿನ ಮೇಲೆ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದ. ಸುತ್ತ ಹಮಾಲರು. ನನ್ನನ್ನು ಕಂಡು ಅವ್ವನಿಗೇನೋ ಆಯಿತೆಂದು ಗಾಬರಿಯಾಗಿ ಎದ್ದ. ನಾನು ಬಾಯಿ ತೆರೆದೆ. ಅಷ್ಟು ಜೋಡಿಸಿದ ಕನ್ನಡದಲ್ಲಿ ಒಂದು ಮಾತೂ ಬರಲಿಲ್ಲ. ಇವನ ಮುಂದೆ ಈ ಭಾಷೆಯಲ್ಲಿ ಕ್ಷಮೆ ಕೇಳುವುದೆಂದರೆ ಇನ್ನೊಂದು ಸಲ ಹೊಡೆದ ಹಾಗೆ ಎಂದು ಅಲ್ಲೇ ಹೊಳೆಯಿತು.

"ಮಾಝಂ ಚುಕ್ಲಂ, ಮಧು," ಎಂದೆ. ತಪ್ಪಾಯಿತು ಎನ್ನಲು ಮರಾಠಿಯವರು ಆಡುವ ಮಾತು. ಅವನ ಜೊತೆ ಮರಾಠಿಯಲ್ಲಿ ನಾನು ಆಡಿದ ಮೊದಲ ಮಾತು. "ಅವತ್ತು ಮೆಟ್ಟಿಲ ಮೇಲೆ ಪಪ್ಪಾಗೆ ಹೇಳಿದ್ದು ನಾನು" ಎಂಬುದನ್ನೂ ಹಾಗೇ, ಮರಾಠಿಯಲ್ಲೇ, ತಡವರಿಸಿ ಹೇಳಿ ಮುಗಿಸಿದೆ.

ಎಡಗಿವಿ ನನ್ನ ಕಡೆಗಿತ್ತು; ಅವನು ತಲೆ ತಿರುಗಿಸಿ ಬಲಗಿವಿ ನನ್ನ ಕಡೆ ಮಾಡಿ ಕೇಳಿಸಿಕೊಂಡ. ಗೊತ್ತು ಎಂದು ತಲೆಯಾಡಿಸಿದ. ಹಿಂದಿಯಲ್ಲಿ ನಿಧಾನವಾಗಿ ಮಾತಾಡಿದ.

"ಅವರ ಕೈ ಅಲ್ಲ ನಂಗೆ ನೆನಪಿರೋದು," ಎಂದ. ಅವನ ಹಿಂದಿಯನ್ನು ಇಲ್ಲಿ ಕನ್ನಡಕ್ಕೆ ತರುತ್ತಿದ್ದೇನೆ, ಅವನ ಅಪ್ಪಣೆ ಪಡೆದು. "ಅವರು ಅಪ್ಪ. ಎಲ್ಲರ ಮನೇಲೂ ಅಪ್ಪಂದಿರು ಹೊಡೀತಾರೆ ಅಂದ್ಕೊಂಡಿದ್ದೆ. ಯಾರ ಅಕ್ಕನೂ ಹೊಡೀತಿರಲಿಲ್ಲ."

ನಾನು ಹೊಡೆ ಎಂದೆ. ನಾಟಕಕ್ಕಲ್ಲ, ಬೇರೆ ಏನು ಕೊಡಬೇಕೆಂದು ನನಗೆ ತಿಳಿಯಲಿಲ್ಲ. ಅವನು ಹೊಡೆಯುವುದಿಲ್ಲ, ತಬ್ಬಿಕೊಳ್ಳುತ್ತಾನೆ ಎಂದು ಮನಸ್ಸಿನ ಮೂಲೆಯಲ್ಲಿ ಎಣಿಸಿದ್ದೆನೋ ಏನೋ. ಮಧು ಹೊಡೆದ. ತೋಳು ಬೀಸಿ, ತುಂಬು ಅಂಗೈಯಿಂದ. ನಾನು ಪೆಟ್ಟಿಗೆಗಳ ಸಾಲಿಗೆ ಹೋಗಿ ಬಡಿದು ಬಿದ್ದೆ, ಹಲ್ಲು ತಾಗಿ ತುಟಿ ಒಡೆಯಿತು. ಹಮಾಲರು ಓಡಿ ಬಂದು ಅವನನ್ನು ಹಿಡಿದುಕೊಂಡರು. ಅವನು ಅವರನ್ನು ಬಿಡಿಸಿಕೊಂಡು ನನ್ನ ಮುಂದೆ ಮಂಡಿಯೂರಿ ಕೂತ. ಅವನ ಮುಖ ಬಿಳಿಚಿತ್ತು.

"ಲಾಗ್ಲಂ?" ಎಂದು ಕೇಳಿದ. ನೋವಾಯಿತಾ?

"ಲಾಗ್ಲಂ," ಎಂದೆ. ಆಯಿತು.

"ಮಲಾ ಪಣ್ ಲಾಗಾಯ್ಚಂ, ತಾಯಿ," ಎಂದ. ನನಗೂ ಆಗುತ್ತಿತ್ತು, ಅಕ್ಕ.

ತಾಯಿ ಎಂದರೆ ಮರಾಠಿಯಲ್ಲಿ ಅಕ್ಕ. ಅವನು ನನ್ನನ್ನು ಯಾವ ಭಾಷೆಯಲ್ಲೂ ಹಾಗೆ ಕರೆದವನಲ್ಲ. ಸಿಮೆಂಟಿನ ನೆಲದ ಮೇಲೆ, ಬಾಯಲ್ಲಿ ರಕ್ತದ ರುಚಿಯೊಡನೆ ಕೂತಿದ್ದ ನನಗೆ ಮನಸ್ಸು ಹಗುರಾಯಿತು ಎಂದು ಬರೆದರೆ ಅದು ಕಡಿಮೆಯಾದೀತು. ಬಹಳ ವರ್ಷಗಳಿಂದ ನನ್ನೊಳಗೆ ಕಾವಲು ನಿಂತಿದ್ದವಳೊಬ್ಬಳು ಕೊನೆಗೂ ಕೂತಳು. ಮಧು ಇನ್ನೂ ಹೇಳುತ್ತಲೇ ಇದ್ದ, ಯಾವ ಏಟು, ಯಾವ ದಿನ, ಎಲ್ಲಿ ನೋವಾಗುತ್ತಿತ್ತು ಎಂದು. ನಾನು ಕೇಳುತ್ತ ಕೂತೆ. ಒಂದು ಮಾತನ್ನೂ ತಿದ್ದಲಿಲ್ಲ.